ಹಾಯಿಹಡಗಿನಲ್ಲಿ ಓದಲು ಹೋಗುವವರು ಮೊದಲು ಮಲಗುವ ಜಾಗ ವಿಚಾರಿಸಿ

ಸಮುದ್ರದ ಮೇಲೆ ಪಾಠ ಕಲಿಸುವ ಹಾಯಿಹಡಗುಗಳ ಕೈಪಿಡಿಯಲ್ಲಿ ಉಬ್ಬಿದ ಹಾಯಿಗಳ ಚಿತ್ರಗಳಿಗೆ ಬರವಿಲ್ಲ. ಮಲಗುವ ಜಾಗದ ಚಿತ್ರ ಮಾತ್ರ ಎಲ್ಲೂ ಕಾಣುವುದಿಲ್ಲ. ನನಗೆ ‘ಹಂಚಿಕೊಂಡ ಕೊಠಡಿ’ ಎಂದು ಹೇಳಿದ್ದರು. ಸಿಕ್ಕಿದ್ದು ಹಡಗಿನ ಮೂತಿಯ ಬಳಿ ಗೋಡೆಗೆ ಅಂಟಿದ ಒಂದು ಹಲಗೆ, ಮುಂದೊಂದು ಪರದೆ. ನೆಟ್ಟಗೆ ಕೂರುವಷ್ಟೂ ಎತ್ತರವಿಲ್ಲ. ಎದುರಲೆಗೆ ಅತಿ ಹೆಚ್ಚು ಎದ್ದು ಬೀಳುವುದು ಮೂತಿಯೇ. ಸಾಲದ್ದಕ್ಕೆ ಮೇಲಿನ ಹಲಗೆಗಳ ಸಂದಿನಿಂದ ಉಪ್ಪುನೀರು ದಿಂಬಿಗೇ ತೊಟ್ಟಿಕ್ಕುತ್ತಿತ್ತು. ದೂರಿದಾಗ ಪ್ಲಾಸ್ಟಿಕ್ ಹಾಳೆಯೊಂದನ್ನು ಕೊಟ್ಟು ಕೈತೊಳೆದುಕೊಂಡರು. ಅಷ್ಟು ಹಣ ಪಡೆಯುವವರು ಇದನ್ನು ಮುಂಚೆಯೇ ಹೇಳಬೇಕಿತ್ತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಆರಿಸಿಕೊಳ್ಳಲು ಅವಕಾಶವಿದ್ದರೆ ನಡುಭಾಗವನ್ನೇ ಕೇಳಿ, ಅಲ್ಲಿ ಏರಿಳಿತ ಕಡಿಮೆ. ಹಾಸಿಗೆಯ ಅಂಚಿಗೆ ಕಟ್ಟುವ ಬಟ್ಟೆಯ ತಡೆ ಇದೆಯೇ ಎಂದೂ ನೋಡಿ. ಅದಿಲ್ಲದಿದ್ದರೆ ಹಡಗು ವಾಲಿದಾಗ ನೆಲಕ್ಕೆ ಉರುಳುತ್ತೀರಿ.

ನಿದ್ದೆಯ ವಿಷಯಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ನಮ್ಮದು ಮೂರು ತಂಡಗಳ ಪಾಳಿ: ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು. ಸಂಜೆ 4ರಿಂದ 8ರ ಪಾಳಿಯನ್ನು ಎರಡಾಗಿ ಒಡೆಯುತ್ತಾರೆ, ಒಂದೇ ತಂಡ ದಿನವೂ ನಡುರಾತ್ರಿಗೆ ಸಿಕ್ಕಿಬೀಳಬಾರದೆಂದು. ಕೇಳಲು ಉದಾರವಾಗಿಯೇ ಇದೆ. ಆದರೆ ತರಗತಿ, ಮನೆಪಾಠ, ಡೆಕ್ ತೊಳೆಯುವುದು ಎಲ್ಲವೂ ಆ ಬಿಡುವನ್ನೇ ತಿನ್ನುತ್ತವೆ. ಪಾಳಿಯಲ್ಲಿ ಗಂಟೆಗೊಮ್ಮೆ ತಳದಲ್ಲಿ ಸೇರಿದ ನೀರನ್ನು ನೋಡಿ, ಗಾಳಿ, ವಾಯುಭಾರ, ಹಡಗಿನ ಸ್ಥಾನವನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕು.

ಇಷ್ಟಾದರೂ ಮಧ್ಯಾಹ್ನದ ಸೆಕ್ಸ್‌ಟಂಟ್ (ದಿಗಂತದಿಂದ ಸೂರ್ಯನ ಎತ್ತರವನ್ನು ಕೋನದಲ್ಲಿ ಅಳೆಯುವ ಉಪಕರಣ) ಪಾಠವನ್ನು ತಪ್ಪಿಸಿಕೊಳ್ಳಬೇಡಿ. ಕನ್ನಡಿಯಲ್ಲಿ ಸೂರ್ಯನನ್ನು ದಿಗಂತದವರೆಗೆ ಇಳಿಸಿ, ಅದು ಏರುವುದನ್ನು ನಿಲ್ಲಿಸುವ ಗಳಿಗೆಗೆ ಕಾಯುತ್ತೀರಿ. ಆ ಎತ್ತರದಿಂದ ಅಕ್ಷಾಂಶ ಸಿಗುತ್ತದೆ. ಕೋನದಲ್ಲಿ ಒಂದು ಮಿನಿಟು, ಅಂದರೆ ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು, ಹೆಚ್ಚುಕಮ್ಮಿಯಾದರೆ ನಕ್ಷೆಯ ಮೇಲೆ ಒಂದು ನಾಟಿಕಲ್ ಮೈಲಿ, ಅಂದರೆ 1,852 ಮೀಟರ್ ದೂರ ಸರಿಯುತ್ತೀರಿ. ತರಗತಿಯ ಕೋಣೆಯಲ್ಲಿ ನೀರಸವಾಗಿದ್ದ ತ್ರಿಕೋನಮಿತಿ ಅಲ್ಲಿ ನನಗೆ ಮೊದಲ ಬಾರಿಗೆ ಅರ್ಥವಾಯಿತು.

ಅಡುಗೆಮನೆಯನ್ನು ಎಷ್ಟು ಹೊಗಳಿದರೂ ಸಾಲದು. ಒಲೆಯನ್ನು ತೊಟ್ಟಿಲಿನಂತೆ ತೂಗುಹಾಕಿರುತ್ತಾರೆ. ಹಡಗು ವಾಲಿದರೂ ಪಾತ್ರೆ ಮಟ್ಟಸವಾಗಿಯೇ ನಿಲ್ಲುತ್ತದೆ. ಊಟದ ಮೇಜಿಗೆ ಅಂಚುಕಟ್ಟು ಇರುವುದರಿಂದ ತಟ್ಟೆ ಜಾರಿದರೂ ಬೀಳುವುದಿಲ್ಲ. ನಮ್ಮ ಅಡುಗೆಯವರು ಬೆಳಗಿನ ಜಾವ 4ಕ್ಕೆ ಪಾಳಿ ಬದಲಾಗುವ ಹೊತ್ತಿಗೆ ಬಿಸಿ ಬ್ರೆಡ್ ತೆಗೆದಿಡುತ್ತಿದ್ದರು. ನೆನೆದು ನಡುಗುತ್ತಾ ಕೆಳಗಿಳಿದವರ ಕೈಗೆ ಮೊದಲ ತುಂಡು, ಮೇಲೆ ಹೋಗುವವರಿಗೆ ಎರಡನೆಯದು. ಆ ಕ್ರಮ ಬಿರುಗಾಳಿಯಲ್ಲೂ ತಪ್ಪಲಿಲ್ಲ. ಅಡುಗೆಗೆ ನೆರವಾಗುವ ಸರದಿ ಬಂದರೆ ಸಂತೋಷದಿಂದ ಹೋಗಿ, ಅಂದು ರಾತ್ರಿಯ ಪಾಳಿ ಇರುವುದಿಲ್ಲವೇ ಎಂದು ವಿಚಾರಿಸಿಕೊಳ್ಳಿ. ನಮಗೆ ಇರುತ್ತಿರಲಿಲ್ಲ.

ಜನರ ನಡುವೆ ಉಸಿರುಕಟ್ಟುವ ಸ್ವಭಾವ ನನ್ನದು. ನಿಮ್ಮದೂ ಹಾಗೆಯೇ ಇದ್ದರೆ ದೀರ್ಘ ಯಾನ ಬೇಡ, ಚಿಕ್ಕದನ್ನೇ ಆರಿಸಿ. ಮುಂಭಾಗದಲ್ಲಿ ಕಾವಲು ನಿಲ್ಲುವ ಸರದಿಯೊಂದೇ ಏಕಾಂತ.

ವಾಂತಿ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ, ಹಡಗು ಹೊರಡುವ ಮುಂಚೆಯೇ ತೆಗೆದುಕೊಳ್ಳಿ. ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಸಿಹಿನೀರಿನ ಸ್ನಾನಕ್ಕೆ ಮಿತಿಯಿರುತ್ತದೆ. ತಲೆಗೆ ಕಟ್ಟುವ ದೀಪದಲ್ಲಿ ಕೆಂಪು ಬೆಳಕು ಇರಲೇಬೇಕು. ಬಿಳಿ ಬೆಳಕು ಬಿದ್ದರೆ ಚುಕ್ಕಾಣಿ ಹಿಡಿದವರ ಕಣ್ಣು ಕತ್ತಲೆಗೆ ಮತ್ತೆ ಹೊಂದಿಕೊಳ್ಳಲು ಬಹಳ ಹೊತ್ತು ಬೇಕು.