ಎದ್ದಿದ್ದೀವಿ ಕಣಪ್ಪಾ!

ಹೋದ ಶನಿವಾರ ರಾತ್ರಿ ಸರಿಯಾಗಿ ಹತ್ತು ಗಂಟೆಗೆ, ಜರ್ಮನಿಯ ಒಂದು ಪುಟ್ಟ ಊರಿನ ಚರ್ಚ್ ಮುಂದೆ ನಿಂತು, ನಮ್ಮಪ್ಪ ಕನ್ನಡದಲ್ಲಿ ಕೂಗಿಬಿಟ್ಟರು. ನಾನು "ಅಪ್ಪಾ, ಸುಮ್ನಿರಿ" ಅಂದೆ. ನಡೆದದ್ದು ಅಷ್ಟೇ. ಆದರೆ ಐದು ದಿನದಿಂದ ಪಾತ್ರೆ ತೊಳೆಯುವಾಗ, ಟ್ರಾಮ್‌ಗೆ ಕಾಯುವಾಗ, ತಲೆಯಲ್ಲಿ ಅದೇ ತಿರುಗುತ್ತಿದೆ.

ಊರಿನ ಹೆಸರು ನೋರ್ಡ್‌ಲಿಂಗೆನ್. ನಾವಿರುವ ಆಗ್ಸ್‌ಬುರ್ಗ್‌ನಿಂದ ಬೆಳಿಗ್ಗೆ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮುಂಚೆ ಆರಾಮಾಗಿ ಸೇರಬಹುದು. ಅಪ್ಪ ಬಂದು ಮೂರು ವಾರ ಆಗಿತ್ತು. ಎರಡು ಅರಮನೆ ತೋರಿಸಿದ್ದೆ. ಎರಡನೆಯದರಲ್ಲಿ ಬೆಂಚಿನ ಮೇಲೆ ಕೂತು, "ರಾಜರ ಮನೆ ಸಾಕು ಕಣಮ್ಮ. ವ್ಯಾಪಾರದ ಊರು ಯಾವುದಾದ್ರೂ ಇದ್ರೆ ತೋರಿಸು" ಅಂದರು. ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಮೂವತ್ತೆಂಟು ವರ್ಷ ಲೆಕ್ಕ ಬರೆದವರು. ಚಿನ್ನದ ಮಂಚ ನೋಡಿದರೆ ಅವರಿಗೆ ಆಕಳಿಕೆ ಬರುತ್ತದೆ. ತಕ್ಕಡಿ ನೋಡಿದರೆ ನಿದ್ದೆ ಹಾರಿಹೋಗುತ್ತದೆ.

ನೋರ್ಡ್‌ಲಿಂಗೆನ್ ಅವರಿಗೆ ಹೇಳಿ ಮಾಡಿಸಿದ ಊರು. ಈಸ್ಟರ್ ಆದ ಐವತ್ತನೇ ದಿನ ಬರುವ ಹಬ್ಬದ ಹೆಸರಿನಲ್ಲಿ ಇಲ್ಲಿ ದೊಡ್ಡ ಜಾತ್ರೆ ಸೇರುತ್ತಿತ್ತು. ಅದರ ಮೊದಲ ದಾಖಲೆ 1219ರದು. ಬಟ್ಟೆ, ಚರ್ಮ, ಉಪ್ಪು, ದ್ರಾಕ್ಷಾರಸ, ಎಲ್ಲದಕ್ಕೂ ದೂರದೂರದಿಂದ ವ್ಯಾಪಾರಿಗಳು ಬರುತ್ತಿದ್ದರು. ಸುತ್ತಲಿನ ಯಾವ ಪಾಳೇಗಾರನಿಗೂ ತಲೆಬಾಗದೆ ನೇರವಾಗಿ ಚಕ್ರವರ್ತಿಗೆ ಮಾತ್ರ ಉತ್ತರ ಕೊಡುತ್ತಿದ್ದ ಊರು. ಜಾತ್ರೆ ಈಗಲೂ ನಡೆಯುತ್ತದೆ, ಜಯಂಟ್ ವೀಲು ಜಾಸ್ತಿ.

ನಾನು ಓದಿಕೊಂಡು ಹೋಗಿದ್ದನ್ನೆಲ್ಲ ಒಪ್ಪಿಸುತ್ತಿದ್ದೆ. ಅಪ್ಪ ಕೇಳಿಸಿಕೊಳ್ಳುತ್ತಿರಲಿಲ್ಲ. ಊರೊಳಗೆ ಏಗರ್ ಅಂತ ಒಂದು ಸಣ್ಣ ಹೊಳೆ ಹರಿಯುತ್ತದೆ. ಅದರ ದಂಡೆಯಲ್ಲಿ ಚರ್ಮ ಹದ ಮಾಡುವವರ ಹಳೇ ಮನೆಗಳಿವೆ. ಕಡಿದಾದ ಹೆಂಚಿನ ಮಾಡು. ಮಾಡಿನ ಕೆಳಗೆ ಗೋಡೆಯಿಲ್ಲದೆ ಗಾಳಿಗೆ ಬಿಟ್ಟ ಮರದ ಅಂತಸ್ತು. ಒದ್ದೆ ಚರ್ಮವನ್ನು ಅಲ್ಲಿ ನೇತುಹಾಕಿ ಒಣಗಿಸುತ್ತಿದ್ದರು. ಅಪ್ಪ ಆ ಮನೆ ಮುಂದೆ ನಿಂತವರು ನಿಂತೇ ಇದ್ದರು.

"ಇದು ಅಟ್ಟ ಕಣಮ್ಮ."

ಹೌದಲ್ವಾ ಅನಿಸಿತು. ನಮ್ಮ ಕಡೆ ಉಂಡೆ ಕೊಬ್ಬರಿ ಆಗುವುದು ಅಟ್ಟದ ಮೇಲೆ. ತೆಂಗಿನಕಾಯಿ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಬಿಟ್ಟರೆ ಒಳಗಿನ ನೀರು ಇಂಗಿ, ಕಾಯಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಕೆಳಗೆ ಮನೆಯವರ ಸಂಸಾರ, ತಲೆ ಮೇಲೆ ಬಂಡವಾಳ. ಅಪ್ಪ ಕತ್ತೆತ್ತಿ ಆ ಮರದ ಅಂತಸ್ತನ್ನು ನೋಡುತ್ತಾ, "ಮಳೆಗಾಲದಲ್ಲಿ ಇವರಿಗೂ ನಿದ್ದೆ ಬರ್ತಿರ್ಲಿಲ್ಲ ಬಿಡು" ಅಂದರು.

ಊರ ಸುತ್ತ ಕೋಟೆ ಗೋಡೆ ಒಂದು ಕಡೆಯೂ ಕಡಿದಿಲ್ಲ. ಸುಮಾರು 2.7 ಕಿಲೋಮೀಟರು. ಗೋಡೆ ಮೇಲೆ ಹೆಂಚು ಹೊದಿಸಿದ ದಾರಿಯಲ್ಲಿ ಇಡೀ ಸುತ್ತು ಹಾಕಬಹುದು. ಐದು ಹೆಬ್ಬಾಗಿಲು. ಪ್ರತಿ ಬಾಗಿಲಲ್ಲೂ ಅಪ್ಪನದು ಒಂದೇ ಪ್ರಶ್ನೆ, "ಸುಂಕ ಎಲ್ಲಿ ಕಟ್ಟಿಸ್ಕೊಳ್ತಿದ್ರು?"

ಪುರಸಭೆ ಕಟ್ಟಡಕ್ಕೆ 1618ರಲ್ಲಿ ಕಟ್ಟಿದ ಕಲ್ಲಿನ ಮೆಟ್ಟಿಲಿದೆ. ಅದರ ಅಡಿಯಲ್ಲಿ ಹಿಂದೆ ಪುಂಡರನ್ನು ಕೂಡಿಹಾಕುತ್ತಿದ್ದ ಗೂಡು. ಬಾಗಿಲ ಪಕ್ಕದಲ್ಲಿ ಒಬ್ಬ ವಿದೂಷಕನನ್ನು ಕೆತ್ತಿದ್ದಾರೆ. ಜೊತೆಗೆ ಒಂದು ಸಾಲು: ಈಗ ನಾವು ಇಬ್ಬರಾದೆವು. ಅಂದರೆ, ನಿಂತು ನೋಡುತ್ತಿರುವ ನೀನೂ ಮುಟ್ಠಾಳನೇ. ಅಪ್ಪನಿಗೆ ಅರ್ಥ ಹೇಳಿದೆ. ಅವರು ನಕ್ಕು, ನನ್ನನ್ನೂ ಸೇರಿಸಿಕೊಂಡು, "ಮೂವರು" ಅಂದರು.

ಮರಿಯಾ ಹೋಲ್ ಎಂಬಾಕೆಯ ಹೆಸರಿನ ಕಾರಂಜಿ ಹತ್ತಿರ ಮಾತ್ರ ನಗು ಇರಲಿಲ್ಲ. ಆಕೆ ಇಲ್ಲಿ ಛತ್ರ ನಡೆಸುತ್ತಿದ್ದವಳು. 1593ರಲ್ಲಿ ಮಾಟಗಾತಿ ಅಂತ ಹಿಡಿದರು. 62 ಸಲ ಚಿತ್ರಹಿಂಸೆ ಕೊಟ್ಟರು. ಆಕೆ ಒಪ್ಪಿಕೊಳ್ಳಲಿಲ್ಲ. ಆಕೆಯ ತವರು ಉಲ್ಮ್ ನಗರದವರು ಮಧ್ಯೆ ಬಂದ ಮೇಲೆ 1594ರಲ್ಲಿ ಬಿಟ್ಟರು. ಆ ಕೆಲವೇ ವರ್ಷಗಳಲ್ಲಿ ಈ ಊರು 34 ಹೆಂಗಸರನ್ನೂ ಒಬ್ಬ ಗಂಡಸನ್ನೂ ಕೊಂದಿತ್ತು. ಇಷ್ಟು ಚೆಂದದ ಊರು, ಕಿಟಕಿಗೆಲ್ಲ ಜೆರೇನಿಯಂ ಹೂವು. ಈ ಹೂವುಗಳನ್ನು ನೋಡಿದರೆ ನನಗೆ ಒಮ್ಮೊಮ್ಮೆ ಸಿಟ್ಟೇ ಬರುತ್ತದೆ. ಅಪ್ಪ ಕೇಳಿದ್ದು ಬೇರೆ. "ಈಕೆಗೆ ತವರಿನವರು ಇದ್ರು. ಉಳಿದವರು ಕೂಗಿದ್ದು ಯಾರಿಗೆ ಕೇಳಿಸ್ತೋ."

ಸಂಜೆ ಗೋಪುರ ಹತ್ತಿದೆವು. ಸೇಂಟ್ ಜಾರ್ಜ್ ಚರ್ಚಿನ ಗೋಪುರ. ಎತ್ತರ ಸುಮಾರು 90 ಮೀಟರು, ಮೆಟ್ಟಿಲು 350. ಅದಕ್ಕೊಂದು ಮುದ್ದಿನ ಹೆಸರು, ಡಾನಿಯೆಲ್. ಅಪ್ಪನ ಮಂಡಿ ನೋವಿನ ಲೆಕ್ಕದಲ್ಲಿ ಬೇಡ ಅಂದೆ. "ಮಂಡಿಯಲ್ಲಿದ್ದವನಿಗೆ ಮಂಡಿ ನೋವಾ?" ಅಂತ ಅವರ ಹಳೇ ಜೋಕು ಹೊಡೆದು ಹತ್ತಿಯೇ ಬಿಟ್ಟರು. ಏಳು ಕಡೆ ಕೂತರು, ಅದು ಬೇರೆ ಮಾತು.

ಮೇಲಿಂದ ನೋಡಿದರೆ ಊರು ದುಂಡಗೆ, ಕೆಂಪು ಹೆಂಚಿನ ತಟ್ಟೆ ಇಟ್ಟ ಹಾಗೆ. ಆಚೆಗೆ ಬಯಲು. ಬಯಲಿನ ಅಂಚಿಗೆ ದುಂಡಗೆ ಗುಡ್ಡಗಳ ಸಾಲು. ಆ ಬಯಲು ಒಂದು ಗುಂಡಿ. ಸುಮಾರು ಒಂದೂವರೆ ಕೋಟಿ ವರ್ಷದ ಹಿಂದೆ ಆಕಾಶದಿಂದ ಬಂಡೆ ಬಿದ್ದು ಆದದ್ದು, ಸುಮಾರು 25 ಕಿಲೋಮೀಟರು ಅಗಲ. ಬಹಳ ಕಾಲ ಎಲ್ಲರೂ ಇದನ್ನು ಜ್ವಾಲಾಮುಖಿ ಅಂದುಕೊಂಡಿದ್ದರು. 1960ರಲ್ಲಿ ಅಮೆರಿಕದ ಯೂಜಿನ್ ಶೂಮೇಕರ್ ಮತ್ತು ಎಡ್ವರ್ಡ್ ಚಾವ್ ಇಲ್ಲಿನ ಕಲ್ಲಿನಲ್ಲಿ ಕೋಸೈಟ್ ಅನ್ನುವ ಖನಿಜ ಹುಡುಕಿದರು. ಅಂಥ ಭಾರೀ ಏಟು ಬೀಳದೆ ನೆಲದ ಮೇಲೆ ಅದು ಹುಟ್ಟುವುದಿಲ್ಲ. 1970ರಲ್ಲಿ ಅಪೋಲೊ 14ರ ಗಗನಯಾತ್ರಿಗಳು ಚಂದ್ರನಿಗೆ ಹೋಗುವ ಮುಂಚೆ ಕಲ್ಲು ಗುರುತಿಸುವುದನ್ನು ಕಲಿಯಲು ಇಲ್ಲಿಗೇ ಬಂದಿದ್ದರು. ನಾವು ಒರಗಿ ನಿಂತಿದ್ದ ಗೋಪುರವೂ ಆ ಏಟಿಗೆ ಕರಗಿ ಬೆರೆತ ಕಲ್ಲಿನದೇ. ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ವಜ್ರದ ಕಣ ಅದರಲ್ಲಿವೆ.

ಇಷ್ಟೆಲ್ಲ ಹೇಳಿ ಮುಗಿಸಿ ಅಪ್ಪನ ಮುಖ ನೋಡಿದೆ. "ಬಿದ್ದ ಗುಂಡಿಯಲ್ಲೇ ಸಂತೆ ಕಟ್ಟಿದ್ರು ನೋಡು" ಅಂದರು. ವಜ್ರದ ಮಾತು ಅವರು ನಂಬಿದ ಹಾಗೆ ಕಾಣಲಿಲ್ಲ.

ಈಗ ಹಂದಿ ಕಥೆ. ಊರಲ್ಲಿ ಎಲ್ಲಿ ನೋಡಿದರೂ ಹಂದಿ ಬೊಂಬೆ. 1440ರಲ್ಲಿ ಪಕ್ಕದ ಓಟಿಂಗೆನ್ ಪಾಳೇಗಾರ ಊರು ಹಿಡಿಯಲು ಕಾವಲುಗಾರರಿಗೆ ಲಂಚ ಕೊಟ್ಟಿದ್ದನಂತೆ. ಅವರು ಹೆಬ್ಬಾಗಿಲಿನ ಅಗಣಿ ಹಾಕದೆ ಬಿಟ್ಟರು. ರಾತ್ರಿ ಗಂಡನಿಗೆ ಬಿಯರ್ ತರಲು ಹೊರಟ ಒಬ್ಬ ನೇಕಾರನ ಹೆಂಡತಿ, ಒಂದು ಹಂದಿ ಆ ಬಾಗಿಲಿಗೆ ಮೈ ಉಜ್ಜುವುದನ್ನೂ, ಬಾಗಿಲು ತಾನಾಗಿ ತೆರೆದುಕೊಳ್ಳುವುದನ್ನೂ ನೋಡಿದಳು. "ಸೋ, ಗ್‌ಸೆಲ್, ಸೋ!" ಅಂತ ಕಾವಲುಗಾರನ ಮೇಲೆ ಕೂಗಾಡಿದಳು. ಕನ್ನಡದಲ್ಲಿ ಹೇಳುವುದಾದರೆ, "ಹಿಂಗೇನಪ್ಪಾ, ಹಿಂಗೋ!" ಊರು ಉಳಿಯಿತು. ಹಂದಿಗೆ ಸಿಕ್ಕಷ್ಟು ಬೊಂಬೆ ಆ ಹೆಂಗಸಿಗೆ ಸಿಕ್ಕಿಲ್ಲ ಅನ್ನುವುದು ನನ್ನ ತಕರಾರು.

ಅದೇ ಕೂಗನ್ನು ಗೋಪುರದ ಕಾವಲುಗಾರ ಈಗಲೂ ಕೂಗುತ್ತಾನೆ. ದಿನಾ ರಾತ್ರಿ ಹತ್ತರಿಂದ ಹನ್ನೆರಡರವರೆಗೆ, ಅರ್ಧ ಗಂಟೆಗೊಮ್ಮೆ. ಹಿಂದೆಲ್ಲ ಮೇಲಿನವನು ಕೂಗಿದರೆ ಬಾಗಿಲುಗಳ ಕಾವಲಿನವರು ತಿರುಗಿ ಕೂಗಬೇಕಿತ್ತಂತೆ. ಕೂಗದಿದ್ದರೆ ನಿದ್ದೆ ಹೋಗಿದ್ದಾನೆ ಅಂತ ಅರ್ಥ.

ಅದಕ್ಕೆಂದೇ ರಾತ್ರಿ ಉಳಿದೆವು. ಚರ್ಚ್ ಮುಂದೆ ಹತ್ತು ಹನ್ನೆರಡು ಜನ ಸೇರಿದ್ದರು. ಒಂದೇ ಥರದ ಜಾಕೆಟ್ ಹಾಕಿದ್ದ ಗಂಡ ಹೆಂಡತಿ, ನಾಯಿ ಹಿಡಿದ ಒಬ್ಬರು ಅಜ್ಜಿ, ಫೋನ್ ಎತ್ತಿ ಹಿಡಿದ ಹುಡುಗರು. ಗಂಟೆ ಹೊಡೆಯಿತು. ಆಮೇಲೆ ಆ ಎತ್ತರದಿಂದ, ಎಳೆದು ಎಳೆದು, "ಸೋ, ಗ್‌ಸೆಲ್, ಸೋ." ದನಿ ಹೆಂಚುಗಳ ಮೇಲೆ ಜಾರಿಕೊಂಡು ಎಲ್ಲೋ ಹೋಯಿತು. ಎಲ್ಲರೂ ಸುಮ್ಮನೆ ನಿಂತಿದ್ದರು.

"ಎದ್ದಿದ್ದೀವಿ ಕಣಪ್ಪಾ!"

ಬಾಯಿಗೆ ಎರಡೂ ಕೈ ಅಡ್ಡ ಕೊಟ್ಟು, ಮಂಡಿಯಲ್ಲಿ ಹರಾಜು ಕೂಗುವ ಗಂಟಲಲ್ಲಿ. ಜಾಕೆಟ್ ದಂಪತಿ ತಿರುಗಿ ನೋಡಿದರು. ಹೆಂಗಸಿನ ನೋಟ ನನಗೆ ಹಿಡಿಸಲಿಲ್ಲ. ಗಂಡ ಪರವಾಗಿಲ್ಲ, ಹಲ್ಲು ಕಿರಿದ. ಅಜ್ಜಿ ಜೋರಾಗಿ ನಕ್ಕರು. ಮೇಲಿಂದ ಏನೂ ಬರಲಿಲ್ಲ.

"ಅಪ್ಪಾ, ಸುಮ್ನಿರಿ."

"ಯಾಕಮ್ಮಾ? ಅವನು ಅಷ್ಟು ಮೇಲಿಂದ ಕೂಗ್ತಿದಾನೆ. ಒಬ್ಬರಾದ್ರೂ ಓಗೊಡಬಾರದಾ?"

ನಾನು ಉತ್ತರ ಕೊಡಲಿಲ್ಲ. ಕೊಬ್ಬರಿ ಸೀಸನ್ನಿನಲ್ಲಿ ಅಪ್ಪ ಗೋಡೌನಿನಲ್ಲೇ ಮಲಗುತ್ತಿದ್ದದ್ದು ನನಗೆ ಗೊತ್ತು. ರಾತ್ರಿ ಕಾವಲಿನವನು ಕೋಲು ಕುಟ್ಟುತ್ತಾ ಬಂದು ಒಂದೊಂದು ಗೋಡೌನ್ ಮುಂದೆಯೂ "ಸ್ವಾಮೀ" ಅನ್ನುತ್ತಿದ್ದ. ಒಳಗಿನವರು "ಎದ್ದಿದ್ದೀವಿ ಕಣಪ್ಪಾ" ಅನ್ನಬೇಕು. ಹೇಳದಿದ್ದರೆ ಷಟರ್ ಬಡಿಯುತ್ತಾನೆ. ಅಪ್ಪ ಅಲ್ಲಿ ತಮಾಷೆ ಮಾಡಲಿಲ್ಲ. ಮೈಗೆ ಹತ್ತಿದ ಅಭ್ಯಾಸ, ಬಾಯಿಗೆ ಬಂತು, ಅಷ್ಟೇ.

ನನ್ನದೂ ಅಭ್ಯಾಸವೇ. ಆರು ವರ್ಷದಲ್ಲಿ ಈ ದೇಶ ನನಗೆ ಕಲಿಸಿದ ಮೊದಲ ಪಾಠ ಮೆಲ್ಲಗೆ ಮಾತಾಡುವುದು. ಭಾನುವಾರ ಮೊಳೆ ಹೊಡೆಯಬಾರದು. ರಾತ್ರಿ ಹತ್ತರ ಮೇಲೆ ಸದ್ದು ಮಾಡಬಾರದು. ಮೊದಲ ವರ್ಷ ನನ್ನ ಮಿಕ್ಸಿ ಸದ್ದಿಗೆ ಯಾರೋ ಬಾಗಿಲಿಗೆ ಚೀಟಿ ಅಂಟಿಸಿದ್ದರು. ತುಂಬ ಮರ್ಯಾದೆಯ ಚೀಟಿ, ಅದಕ್ಕೇ ಜಾಸ್ತಿ ಉರಿಯಿತು. ಅವತ್ತಿಂದ ಇಡ್ಲಿ ಹಿಟ್ಟು ಸಂಜೆ ಆರಕ್ಕೇ ರುಬ್ಬುತ್ತೇನೆ. ಅಪ್ಪ ಇದ್ದ ಮೂರು ವಾರ ನಾನು ಎಷ್ಟು ಸಲ "ಸುಮ್ನಿರಿ" ಅಂದೆನೋ. ರೈಲಿನಲ್ಲಿ, ಅಂಗಡಿಯಲ್ಲಿ, ಲಿಫ್ಟಿನಲ್ಲಿ. ಚಿಕ್ಕವಳಿದ್ದಾಗ ಅವರು ನನಗೆ ಇಷ್ಟು ಸಲ ಅಂದಿರಲಿಕ್ಕಿಲ್ಲ. ತಮಾಷೆ ನೋಡಿ, ರಾತ್ರಿ ಹತ್ತಾದರೆ ಇಡೀ ಜರ್ಮನಿ ಬಾಯಿ ಮುಚ್ಚಬೇಕು, ಈ ಊರಿನವನು ಮಾತ್ರ ಹತ್ತಕ್ಕೇ ಬಾಯಿ ತೆರೆಯುತ್ತಾನೆ.

ಹತ್ತೂವರೆಗೂ ನಿಂತೆವು. ಅಪ್ಪನೇ ಬೇಕು ಅಂದರು. ಜನ ಕರಗಿದ್ದರು, ಅಜ್ಜಿ ಮತ್ತು ನಾಯಿ ಮಾತ್ರ ಉಳಿದಿದ್ದರು. ಮತ್ತೆ ಕೂಗು ಬಂತು. ಅಪ್ಪ ಕೈ ಹಿಂದೆ ಕಟ್ಟಿ ಸುಮ್ಮನೆ ನಿಂತಿದ್ದರು. ಅಜ್ಜಿ ಅಪ್ಪನ ಮುಖವನ್ನೇ ನೋಡಿದರು. ನಾನೂ ನೋಡಿದೆ.

"ನೀನೇ ಹೇಳಮ್ಮ. ನಿಂಗೆ ಅವರ ಭಾಷೆ ಬರುತ್ತಲ್ಲ."

ಆಫೀಸಿನಲ್ಲಿ ದಿನಕ್ಕೆ ಎಂಟು ಗಂಟೆ ಆಡುವ ಭಾಷೆ. ಒಂದು ಮಾತೂ ಹೊಳೆಯಲಿಲ್ಲ. "ಚಳಿ ಜಾಸ್ತಿ ಆಯ್ತು, ನಡೀರಿ" ಅಂದೆ.

ಮಂಗಳವಾರ ಅಪ್ಪ ಊರಿಗೆ ಹೊರಟರು. ನಿನ್ನೆ ರಾತ್ರಿ ಹತ್ತಕ್ಕೆ ಅಡುಗೆಮನೆ ಒರೆಸುತ್ತಿದ್ದೆ, ಫೋನ್ ಬಂತು. ತಿಪಟೂರಿನಲ್ಲಿ ಆಗ ಒಂದೂವರೆ.

"ಎದ್ದಿದ್ದೀಯಾ?"

"ಎದ್ದಿದ್ದೀನಿ ಅಪ್ಪ. ನಿಮಗೆ ನಿದ್ದೆ ಬರ್ಲಿಲ್ವಾ?"

"ಬಂತು, ಹೋಯ್ತು. ಅಲ್ಲಮ್ಮಾ, ಆ ಮೇಲಿರೋನಿಗೆ ರಾತ್ರಿ ಊಟ ಯಾರು ತಗೊಂಡೋಗಿ ಕೊಡ್ತಾರೆ? ಮುನ್ನೂರೈವತ್ತು ಮೆಟ್ಟಿಲು."