ಅಷ್ಟು ಭಯದ ಪುಸ್ತಕ ಯಾಕೆ ಓದ್ತೀರಿ?

ನನ್ನ ಓದಿನ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ದಿನಾ ಪೇಪರ್‌ನಲ್ಲಿ ಬರೋದು ಸಾಲದಾ? ದುಡ್ಡು ಕೊಟ್ಟು ಅಂಥ ಪುಸ್ತಕ ಯಾಕೆ ತರ್ತೀರಿ?" ಅಂಥ ಪುಸ್ತಕ ಅಂದರೆ ಡಿಸ್ಟೋಪಿಯಾ ಕಾದಂಬರಿಗಳು. ಮುಂದೊಂದು ದಿನ ಲೋಕವೇ ಕೆಟ್ಟುಹೋದರೆ ಜನ ಹೇಗೆ ಬದುಕುತ್ತಾರೆ ಎಂದು ಊಹಿಸಿ ಬರೆದ ಕತೆಗಳು.

ಉತ್ತರ ಹೇಳೋಕೆ ನನಗೆ ಒಂದೇ ಪುಸ್ತಕ ಸಾಕು. ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್‌ನ '1984'. ಜನರ ನೆನಪನ್ನೂ ತನ್ನ ಹಿಡಿತದಲ್ಲಿ ಇಟ್ಟುಕೊಳ್ಳುವ ಸರ್ಕಾರವೊಂದರ ಕತೆ.

ಇದನ್ನು ಓದಿದ ಎಲ್ಲರೂ ಒಂದೇ ಕಡೆ ಹೆದರುವುದಿಲ್ಲ. ನನ್ನ ಗೆಳೆಯನೊಬ್ಬ, ಚಿತ್ರಹಿಂಸೆಗೆ ತಂದ ಇಲಿಗಳ ಪಂಜರ ಬರುವ ಪುಟಕ್ಕೆ ಪುಸ್ತಕ ಮುಚ್ಚಿಟ್ಟವನು ಮತ್ತೆ ತೆಗೆಯಲಿಲ್ಲ. ನಮ್ಮ ದೊಡ್ಡಪ್ಪನಿಗೆ ಇಲಿ ಏನೂ ಅನ್ನಿಸಲಿಲ್ಲ. ಅವರನ್ನು ಕಾಡಿದ್ದು ಕಥಾನಾಯಕ ವಿನ್‌ಸ್ಟನ್‌ನ ನೌಕರಿ. ಸರ್ಕಾರಕ್ಕೆ ಬೇಕಾದ ಹಾಗೆ ಹಳೆಯ ಪತ್ರಿಕೆಗಳನ್ನು ತಿದ್ದುವುದೇ ಅವನ ಕೆಲಸ. ದೊಡ್ಡಪ್ಪ ತುರ್ತು ಪರಿಸ್ಥಿತಿ ಕಂಡವರು. 1975ರಲ್ಲಿ ಸಂಪಾದಕೀಯದ ಜಾಗ ಖಾಲಿ ಬಿಟ್ಟು ಬಂದ ಪತ್ರಿಕೆಯ ಮಾತು ಈಗಲೂ ಆಡುತ್ತಾರೆ.

ನನ್ನನ್ನು ಹಿಡಿದಿದ್ದು ಚಾಕೊಲೇಟು.

ಮೊದಲ ಸಲ ಓದಿದಾಗ ಕಾಲೇಜಿನಲ್ಲಿದ್ದೆ. ಕತೆಯಲ್ಲಿ ಚಾಕೊಲೇಟ್ ರೇಷನ್ 30 ಗ್ರಾಂನಿಂದ 20ಕ್ಕೆ ಇಳಿಯುತ್ತದೆ. ಮಾರನೇ ದಿನವೇ ಅದನ್ನು 20ಕ್ಕೆ ಏರಿಸಲಾಗಿದೆ ಅಂತ ಸುದ್ದಿ. ಅದಕ್ಕೆ ಜನರ ಮೆರವಣಿಗೆ ಬೇರೆ! ಒಂದು ದಿನದಲ್ಲಿ ಎಲ್ಲರೂ ಮರೆತರಾ ಎಂದು ಸಿಟ್ಟು ಬಂದಿತ್ತು. ಈ ಪುಸ್ತಕವನ್ನು ಮೊದಲು ಓದಿದ ಬ್ರಿಟಿಷರಿಗೆ ಇದು ಎಷ್ಟು ಹತ್ತಿರದ ವಿಷಯ ಅನ್ನುವುದು ನನಗೆ ಗೊತ್ತಾಗಿದ್ದು ಆಮೇಲೆ. ಯುದ್ಧಕಾಲದಲ್ಲಿ, 1942ರಲ್ಲಿ, ಅಲ್ಲಿ ಸಿಹಿತಿಂಡಿಗೆ ರೇಷನ್ ಬಂತು. ಅದು ಪೂರ್ತಿ ಹೋಗಿದ್ದು 1953ರಲ್ಲಿ. ಪುಸ್ತಕ ಬಂದಿದ್ದು 1949ರ ಜೂನ್‌ನಲ್ಲಿ. ವರ್ಷಗಟ್ಟಲೆ ಅಳೆದು ತೂಗಿ ಮಕ್ಕಳ ಕೈಗೆ ಸಿಹಿ ಕೊಟ್ಟಿದ್ದವರೇ ಅದರ ಮೊದಲ ಓದುಗರು.

ಎರಡು ಮಕ್ಕಳಾದ ಮೇಲೆ ಇನ್ನೊಂದು ಸಲ ಓದಿದೆ. ಆಗ ನಿಂತಿದ್ದು ಬೇರೆ ಪುಟದಲ್ಲಿ. ವಿನ್‌ಸ್ಟನ್‌ಗೆ ತನ್ನ ಬಾಲ್ಯ ನೆನಪಾಗುತ್ತದೆ. ಅಪ್ಪ ಇಲ್ಲ. ಮನೆಯಲ್ಲಿ ಅಮ್ಮ, ಇವನು, ಎರಡು ಮೂರು ವರ್ಷದ ಕಾಯಿಲೆಯ ತಂಗಿ. ಹೊಟ್ಟೆಗಿಲ್ಲದ ಕಾಲ. ಒಂದು ದಿನ ಸಣ್ಣ ಚಾಕೊಲೇಟ್ ಬಿಲ್ಲೆ ಸಿಗುತ್ತದೆ. ಮೂವರಿಗೂ ಸಮಪಾಲು ಆಗಬೇಕು. ಇವನು ಪೂರ್ತಿ ನನಗೇ ಬೇಕು ಅಂತ ರಚ್ಚೆ ಹಿಡಿಯುತ್ತಾನೆ. ಅಮ್ಮ ಕೊನೆಗೆ ಮುಕ್ಕಾಲು ಭಾಗ ಇವನಿಗೆ ಕೊಟ್ಟು, ಉಳಿದ ಕಾಲು ಭಾಗ ಮಗುವಿನ ಕೈಗಿಡುತ್ತಾಳೆ. ಇವನು ಅದನ್ನೂ ಕಿತ್ತುಕೊಂಡು ಓಡುತ್ತಾನೆ. ಅಮ್ಮ ಕರೆಯುತ್ತಾಳೆ. ಮಗು ಸಣ್ಣಗೆ ಅಳುತ್ತದೆ. ಅಮ್ಮ ಅದರ ಮುಖವನ್ನು ಎದೆಗೆ ಒತ್ತಿಕೊಳ್ಳುತ್ತಾಳೆ. ಇವನು ಮೆಟ್ಟಿಲಿಳಿದು ಓಡುವಾಗ ಚಾಕೊಲೇಟ್ ಕೈಯಲ್ಲಿ ಕರಗಿ ಅಂಟುತ್ತಿರುತ್ತದೆ. ಕೆಲವು ಗಂಟೆ ಬಿಟ್ಟು, ಹಸಿವಾಗಿ ಮನೆಗೆ ಬಂದರೆ ಅಮ್ಮನೂ ಇಲ್ಲ, ತಂಗಿಯೂ ಇಲ್ಲ. ಮತ್ತೆ ಯಾವತ್ತೂ ಸಿಗುವುದಿಲ್ಲ.

ಮುಕ್ಕಾಲು, ಕಾಲು. ಅಲ್ಲಿಗೆ ಮುಗಿಯಿತು ಅಲ್ವಾ? ಅಮ್ಮನ ಪಾಲು ಎಲ್ಲಿ ಹೋಯಿತು? ಇಪ್ಪತ್ತನೇ ವಯಸ್ಸಿನಲ್ಲಿ ಈ ಲೆಕ್ಕ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಆರ್ವೆಲ್ ಇದನ್ನು ಬರೆದಿದ್ದು ಸ್ಕಾಟ್ಲೆಂಡಿನ ಜುರಾ ಎಂಬ ದ್ವೀಪದ ಒಂಟಿ ಮನೆಯಲ್ಲಿ. ಹೆಂಡತಿ 1945ರಲ್ಲಿ ತೀರಿಕೊಂಡಿದ್ದಳು. ಜೊತೆಗೆ ದತ್ತು ತಗೊಂಡ ಪುಟ್ಟ ಮಗ ಇದ್ದ. ತನಗೆ ಕ್ಷಯ. 1950ರ ಜನವರಿಯಲ್ಲಿ, 46ನೇ ವಯಸ್ಸಿಗೆ, ಹೋಗಿಬಿಟ್ಟ. ಆ ಪುಟ ಸುಮ್ನೆ ರಾಜಕೀಯ ಹೇಳೋಕೆ ಬರೆದಿದ್ದು ಅಂತ ನನಗೆ ಅನ್ನಿಸುವುದೇ ಇಲ್ಲ.

ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಆಗಿದ್ದು ಕೊನೆಯಲ್ಲಿ. ಅಷ್ಟು ಹೊತ್ತಿಗೆ ವಿನ್‌ಸ್ಟನ್ ಆ ಸರ್ಕಾರದ ಎದುರು ಸೋತಿದ್ದಾನೆ. ಒಬ್ಬನೇ ಕೂತಿರುವಾಗ ಏನೋ ನೆನಪಾಗುತ್ತದೆ. ಹೊರಗೆ ಜೋರು ಮಳೆ. ಹಠ ಮಾಡುತ್ತಿದ್ದ ಮಗನಿಗೆ ಅಮ್ಮ ಹಾವು ಏಣಿ ಆಟ ತಂದುಕೊಟ್ಟಿದ್ದಾಳೆ. ನಮ್ಮ ದೇಶದಿಂದಲೇ ಅಲ್ಲಿಗೆ ಹೋದ ಆಟ ಅದು. ಇಬ್ಬರೂ ಎಂಟು ಆಟ ಆಡಿ ನಾಲ್ಕು ನಾಲ್ಕು ಗೆಲ್ಲುತ್ತಾರೆ. ದಿಂಬಿಗೆ ಒರಗಿ ಕೂತ ತಂಗಿ, ಇವರು ನಗುತ್ತಾರೆ ಅಂತ ತಾನೂ ನಗುತ್ತದೆ. ವಿನ್‌ಸ್ಟನ್ ಆ ಚಿತ್ರವನ್ನು ಮನಸ್ಸಿನಿಂದ ತಳ್ಳಿಬಿಡುತ್ತಾನೆ. ಇದು ಸುಳ್ಳು ನೆನಪು ಅಂದುಕೊಳ್ಳುತ್ತಾನೆ.

ಅಂಥ ಪುಸ್ತಕ ಯಾಕೆ ಓದ್ತೀರಿ ಅಂದಿರಲ್ಲ, ಈ ಪುಟಗಳಿಗೋಸ್ಕರ ಓದುತ್ತೇನೆ. ಇವನ್ನು ಓದಿದ ಮೇಲೆ ನನ್ನದೇ ಒಂದು ವಿಷಯ ಮುಚ್ಚಿಟ್ಟುಕೊಂಡು ಕೂರೋಕೆ ಆಗಲಿಲ್ಲ. ಚಿಕ್ಕವನಿದ್ದಾಗ ಅಮ್ಮ ರೇಷನ್ ಸಕ್ಕರೆ ಉಳಿಸಿ ಒಂದು ಸಲ ಕೊಬ್ಬರಿ ಮಿಠಾಯಿ ಮಾಡಿದ್ದಳು. ತಂಗಿಯ ಪಾಲನ್ನು ನಾನು ಕಿತ್ತುಕೊಂಡಿದ್ದೆ. ಇಷ್ಟು ವರ್ಷದಲ್ಲಿ ಅದು ನಿಜವಾಗಿ ನಡೆದಿದ್ದಾ, ನಾನೇ ಕಟ್ಟಿಕೊಂಡಿದ್ದಾ ಅನ್ನುವಷ್ಟು ಮಸುಕಾಗಿತ್ತು. ರಾತ್ರಿ ಹತ್ತು ಗಂಟೆಗೆ ತಂಗಿಗೆ ಫೋನ್ ಮಾಡಿ ಕೇಳಿದೆ.

"ನೆನಪಿಲ್ದೆ ಏನಣ್ಣ," ಅಂದಳು. "ನೀನು ಬಚ್ಚಲುಮನೆ ಚಿಲಕ ಹಾಕ್ಕೊಂಡು ತಿಂದಿದ್ದೆ. ನಾನು ಬಾಗಿಲ ಹೊರಗೇ ನಿಂತಿದ್ದೆ."