ಕೋಲಾರದ ಕೆರೆ ಟಿಪ್ಪಣಿಗಳು: ಹೊಸ ಆ್ಯಪ್‌ಗೆ ಬಂದ ಮೇಲೆ ಕೆಲಸ ಎಲ್ಲಿಗೆ ಬಂತು

ಕೋಲಾರ ಸೀಮೆಯ ಕೆರೆಗಳ ಬಗ್ಗೆ ಬರೆದಿಟ್ಟುಕೊಂಡ ಟಿಪ್ಪಣಿಗಳೆಲ್ಲ ಈಗ ಟಿಪ್ಪಣಿ ಬರೆಯುವ ಆ್ಯಪ್ ಆದ ಅಬ್ಸಿಡಿಯನ್‌ಗೆ ಬಂದಿವೆ. ಹಳೆಯ ಆ್ಯಪ್‌ನಿಂದ ಹೊರಗೆ ತರುವ ಕೆಲಸ ಮುಗಿದಿದೆ, ಹುಡುಕಾಟದ್ದು ಮುಕ್ಕಾಲು ಆಗಿದೆ, ಕೆರೆಗಳ ಮಾತು ಬರುವ ಹಳೆಯ ಶಾಸನಗಳನ್ನು ಟಿಪ್ಪಣಿಗಳ ಜೊತೆ ಜೋಡಿಸುವುದು ಅರ್ಧದಲ್ಲಿದೆ. ಕನ್ನಡದಲ್ಲೇ ಟಿಪ್ಪಣಿ ಬರೆಯುವ ಬೇರೆಯವರಿಗೂ ಉಪಯೋಗವಾಗಲೆಂದು ಇಲ್ಲಿಯವರೆಗಿನದನ್ನು ಬರೆದಿಡುತ್ತಿದ್ದೇನೆ.

ಒಂದು ಕೆರೆಗೆ ಒಂದು ಟಿಪ್ಪಣಿ. ಏರಿ ಹೇಗಿದೆ, ತೂಬು ಎಷ್ಟಿವೆ, ಕೋಡಿ ಯಾವ ದಿಕ್ಕಿಗೆ, ಹೂಳು ತೆಗೆದಿದ್ದಾರೆಯೇ, ಅಚ್ಚುಕಟ್ಟಿನಲ್ಲಿ ಈಗ ಏನು ಬೆಳೆಯುತ್ತಾರೆ, ಕೆರೆ ನೀರು ಹಂಚುವ ನೀರುಗಂಟಿ ಮನೆತನದವರು ಊರಲ್ಲಿ ಇನ್ನೂ ಇದ್ದಾರೆಯೇ, ಇವಿಷ್ಟೂ ಅದರಲ್ಲಿ ಬರುತ್ತವೆ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಈ ಕಡೆಯ ಕೆರೆಗಳಿಗೆ ಹರಿಯುತ್ತಿದೆ. ಹಾಗಾಗಿ ನೀರು ಎಲ್ಲಿಂದ ಬಂದದ್ದು ಎಂಬುದಕ್ಕೂ ಒಂದು ಕಾಲಂ ಇಟ್ಟಿದ್ದೇನೆ. ಮಳೆ ನೀರಿನ ಕೆರೆಯನ್ನೂ ಪೈಪಿನ ನೀರಿನ ಕೆರೆಯನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿದರೆ ಇಡೀ ದಾಖಲೆಗೆ ಅರ್ಥವಿರುವುದಿಲ್ಲ.

ಹಳೆಯ ಆ್ಯಪ್‌ನ ಹೆಸರು ಬೇಡ. ನೋಡಲು ಚೆನ್ನಾಗಿತ್ತು, ಫೋಟೊ ಸೇರಿಸುವುದು ಸಲೀಸಾಗಿತ್ತು, ಕನ್ನಡವೂ ಸರಿಯಾಗಿಯೇ ಮೂಡುತ್ತಿತ್ತು. ತೊಂದರೆ ಇದ್ದದ್ದು ಹುಡುಕಾಟದಲ್ಲಿ. ‘ಕೆರೆ’ ಎಂದು ಕೊಟ್ಟರೆ ‘ಕುರಿ’ ಇರುವ ಟಿಪ್ಪಣಿಯೂ ಬರುತ್ತಿತ್ತು, ‘ಕಾರು’ ಇರುವುದೂ ಬರುತ್ತಿತ್ತು. ‘ಕೋಡಿ’ಗೆ ‘ಕಾಡು’, ‘ಕೊಡಿ’. ‘ತೂಬು’ ಕೇಳಿದರಂತೂ ‘ತುಂಬಾ’ ಎಂದು ಬರೆದ ಕಡೆಯೆಲ್ಲ ಸಾಲಾಗಿ ಬಂದು ನಿಲ್ಲುತ್ತಿತ್ತು. ಬೇಕಾದದ್ದು ಇರುತ್ತಿತ್ತು, ಆದರೆ ಬೇಡದ್ದರ ಅಡಿಯಲ್ಲಿ ಎಲ್ಲೋ.

ಲ್ಯಾಪ್‌ಟಾಪ್‌ನಲ್ಲಿ ಆ ಆ್ಯಪ್‌ನ ಕಡತ ತೆರೆದು ನೋಡಿದಾಗ ಕಾರಣ ಸಿಕ್ಕಿತು. ಒಳಗಿದ್ದದ್ದು ಎಸ್‌ಕ್ಯೂಲೈಟ್ ಡೇಟಾಬೇಸ್, ಹುಡುಕಾಟಕ್ಕೆ ಅದರ ಜೊತೆಗೇ ಬರುವ ಭಾಗವಾದ ಎಫ್‌ಟಿಎಸ್5. ಇದು ಪಠ್ಯವನ್ನು ಪದಗಳಾಗಿ ಒಡೆಯುವಾಗ, ಬೇರೆ ಏನೂ ಹೇಳದಿದ್ದರೆ, ಎಲ್ಲ ಲಿಪಿಗಳ ಅಕ್ಷರ, ಚಿಹ್ನೆಗಳಿಗೂ ಒಂದೊಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಅಕ್ಷರ ಅಥವಾ ಅಂಕಿ ಎಂದು ಗುರುತಾದದ್ದನ್ನು ಮಾತ್ರ ಪದದ ಭಾಗ ಎಂದುಕೊಳ್ಳುತ್ತದೆ. ನಮ್ಮ ಗುಣಿತದ ಚಿಹ್ನೆಗಳು, ಅನುಸ್ವಾರ, ಒತ್ತಕ್ಷರಕ್ಕೆ ಬೇಕಾದ ಹಲಂತ ಚಿಹ್ನೆ, ಇವೆಲ್ಲ ಯೂನಿಕೋಡ್ ಲೆಕ್ಕದಲ್ಲಿ ‘ಮಾರ್ಕ್’ ವರ್ಗಕ್ಕೆ ಸೇರಿದವು. ಹಾಗಾಗಿ ಅವು ಬಂದ ಕಡೆ ಪದ ತುಂಡಾಗುತ್ತದೆ. ‘ಕೆರೆ’ ಎಂಬುದು ‘ಕ’, ‘ರ’ ಎಂಬ ಎರಡು ಪದವಾಗುತ್ತದೆ. ‘ಕುರಿ’ಯೂ ಹಾಗೆಯೇ ‘ಕ’, ‘ರ’. ಯಂತ್ರದ ಕಣ್ಣಿಗೆ ಎರಡೂ ಒಂದೇ.

ಇದಕ್ಕೆ ಪರಿಹಾರ ಎಸ್‌ಕ್ಯೂಲೈಟ್‌ನಲ್ಲೇ ಇದೆ. ಟೇಬಲ್ ಮಾಡುವಾಗ ಯಾವ ಯಾವ ವರ್ಗದ ಚಿಹ್ನೆಗಳನ್ನು ಪದದೊಳಗೆ ಸೇರಿಸಿಕೊಳ್ಳಬೇಕು ಎಂದು ಹೇಳಬಹುದು, ಮಾರ್ಕ್ ವರ್ಗಗಳನ್ನೂ ಸೇರಿಸಿದರೆ ಆಯಿತು. ಒಂದು ಸಾಲಿನ ಕೆಲಸ. ಆದರೆ ಆ ಸಾಲು ಬರೆಯಬೇಕಾದವರು ಆ್ಯಪ್ ಮಾಡುವವರು, ಬಳಸುವ ನಾನಲ್ಲ. ಆ್ಯಪ್ ಬಿಡಲು ನನಗೆ ಇಷ್ಟು ಸಾಕಾಯಿತು. ಕನ್ನಡ ತೋರಿಸುತ್ತದೆ, ಟೈಪ್ ಮಾಡಲು ಬಿಡುತ್ತದೆ ಎಂದ ಮಾತ್ರಕ್ಕೆ ಒಂದು ಟಿಪ್ಪಣಿ ಆ್ಯಪ್ ಕನ್ನಡದವರಿಗೆ ಒದಗುತ್ತದೆ ಎಂದು ನಾನು ಒಪ್ಪುವುದಿಲ್ಲ. ಬರೆದದ್ದು ಮತ್ತೆ ಕೈಗೆ ಸಿಗಬೇಕು.

ಅಬ್ಸಿಡಿಯನ್ ಆರಿಸಿಕೊಂಡದ್ದು ಅದು ಟಿಪ್ಪಣಿಗಳನ್ನು ಸಾದಾ ಪಠ್ಯದ ಮಾರ್ಕ್‌ಡೌನ್ ಕಡತಗಳಾಗಿ ನನ್ನದೇ ಫೋಲ್ಡರ್‌ನಲ್ಲಿ ಇಡುತ್ತದೆ ಎಂಬ ಕಾರಣಕ್ಕೆ. ಅದು ಮುಕ್ತ ತಂತ್ರಾಂಶವಲ್ಲ, ಆ ಕೊರತೆ ನನಗೆ ಗೊತ್ತಿದೆ. ನಾಳೆ ಅದು ನಿಂತುಹೋದರೂ ಕಡತಗಳು ಯಾವ ಎಡಿಟರ್‌ನಲ್ಲಿ ಬೇಕಾದರೂ ತೆರೆದುಕೊಳ್ಳುತ್ತವೆ, ಅವುಗಳ ಮೇಲೆ ನನ್ನದೇ ಸ್ಕ್ರಿಪ್ಟ್ ಓಡಿಸಬಹುದು.

ಕಡತಗಳನ್ನು ತರುವಾಗ ಎರಡು ಕಡೆ ತಡೆಯಾಯಿತು. ಹಳೆಯ ಆ್ಯಪ್ ಟಿಪ್ಪಣಿಯ ಮೊದಲ ಸಾಲನ್ನೇ ಕಡತದ ಹೆಸರು ಮಾಡುತ್ತಿತ್ತು. ಲಿನಕ್ಸ್‌ನಲ್ಲಿ ಕಡತದ ಹೆಸರಿಗೆ 255 ಬೈಟ್‌ಗಳ ಮಿತಿ. ಯೂನಿಕೋಡ್ ಸಂಕೇತಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಗುಣಿತ ಚಿಹ್ನೆಗೂ ಸೇರಿ. ಅಂದರೆ ಹೆಸರಿನಲ್ಲಿ ಹೆಚ್ಚೆಂದರೆ 85 ಸಂಕೇತ. ‘ಬೇತಮಂಗಲ’ ಎಂಬ ಒಂದು ಹೆಸರಿಗೇ 7 ಸಂಕೇತ, 21 ಬೈಟ್ ಹೋಗುತ್ತದೆ. ಮೊದಲ ಸಾಲು ಉದ್ದವಾಗಿದ್ದ ಟಿಪ್ಪಣಿಗಳೆಲ್ಲ ಇಲ್ಲಿ ಸಿಕ್ಕಿಹಾಕಿಕೊಂಡವು. ಈಗ ಕೆರೆಯ ಹೆಸರು, ಊರು, ಇಷ್ಟೇ ಕಡತದ ಹೆಸರು.

ಇನ್ನೊಂದು ತಡೆ ಪಿಡಿಎಫ್‌ಗಳಿಂದ ನಕಲು ಮಾಡಿ ಅಂಟಿಸಿದ ಪಠ್ಯದ್ದು. ‘ಕೋ’ ಎಂಬುದನ್ನು ಯೂನಿಕೋಡ್‌ನಲ್ಲಿ ‘ಕ’ದ ಜೊತೆ ಒಂದೇ ಓತ್ವದ ಚಿಹ್ನೆಯಾಗಿಯೂ ಇಡಬಹುದು, ಎತ್ವ, ಊತ್ವ, ದೀರ್ಘ ಎಂದು ಮೂರು ತುಂಡಾಗಿಯೂ ಇಡಬಹುದು. ಕಣ್ಣಿಗೆ ವ್ಯತ್ಯಾಸವಿಲ್ಲ, ಹುಡುಕುವಾಗ ಇದೆ. ಪೈಥಾನ್‌ನ ಯೂನಿಕೋಡ್‌ಡೇಟಾ ಬಳಸಿ ಎಲ್ಲ ಕಡತಗಳನ್ನೂ ಇಂಥ ತುಂಡುಗಳನ್ನು ಕೂಡಿಸಿಡುವ ಎನ್‌ಎಫ್‌ಸಿ ರೂಪಕ್ಕೆ ತಂದಿದ್ದೇನೆ. ಈಗ ‘ಕೋಡಿ’ ಎಂದರೆ ಎಲ್ಲ ಕಡೆಯೂ ಒಂದೇ ‘ಕೋಡಿ’.

ಎರಡೂ ಕಡೆ ಕಡತಗಳು ಒಂದೇ ಆಗಿರಲೆಂದು ಫೋನಿಗೂ ಲ್ಯಾಪ್‌ಟಾಪ್‌ಗೂ ಸಿಂಕ್‌ಥಿಂಗ್ ಹಾಕಿದ್ದೇನೆ. ಅದರ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರ್‌ನಲ್ಲಿ ನಿಂತಿತು. ಬೇರೆಯವರು ಮುಂದುವರಿಸುತ್ತಿರುವ ಆವೃತ್ತಿ ಸದ್ಯಕ್ಕೆ ಸರಿಯಾಗಿ ನಡೆಯುತ್ತಿದೆ. ಏರಿಯ ಮೇಲೆ ನೆಟ್‌ವರ್ಕ್ ಇಲ್ಲದಿದ್ದರೂ ಬರೆಯಬಹುದು, ಮನೆಗೆ ಬಂದ ಮೇಲೆ ತಾನಾಗಿ ಸೇರಿಕೊಳ್ಳುತ್ತದೆ.

ಇಷ್ಟೆಲ್ಲ ಆದ ಮೇಲೆ ನಿಜವಾದ ಕೆಲಸ ಶುರುವಾಯಿತು: ಶಾಸನಗಳು. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ಕೋಲಾರ ಜಿಲ್ಲೆಯದ್ದು. ಆಗಿನ ಜಿಲ್ಲೆ ಅದು. 2007ರಲ್ಲಿ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ತಾಲ್ಲೂಕುಗಳೂ ಅದರಲ್ಲೇ ಇವೆ. ಈಗಿನ ಬಂಗಾರಪೇಟೆ ಅಲ್ಲಿ ಬೌರಿಂಗ್‌ಪೇಟೆ. ಅದಕ್ಕೇ ಪ್ರತಿ ಟಿಪ್ಪಣಿಯ ತಲೆಯಲ್ಲಿ ಈಗಿನ ತಾಲ್ಲೂಕು, ಸಂಪುಟದ ತಾಲ್ಲೂಕು, ಶಾಸನ ಸಂಖ್ಯೆ ಎಂದು ಮೂರು ಪ್ರಾಪರ್ಟಿ (ಹೆಸರಿಟ್ಟ ಕಾಲಂ) ಇಟ್ಟಿದ್ದೇನೆ. ಅಬ್ಸಿಡಿಯನ್‌ನ ಈ ಸೌಲಭ್ಯ ಕನ್ನಡದ ಹೆಸರುಗಳನ್ನೂ ತಕರಾರಿಲ್ಲದೆ ತೆಗೆದುಕೊಳ್ಳುತ್ತದೆ.

ಸಂಪುಟದ ಕನ್ನಡ ಪಾಠವನ್ನು, ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯ ಮಾಡಿಕೊಡುವ ಟೆಸೆರಾಕ್ಟ್‌ನಿಂದ ಓದಿಸಿ, ಟಿಪ್ಪಣಿಗಳ ಜೊತೆ ಸೇರಿಸಿ, ನನ್ನದೇ ಒಂದು ಎಸ್‌ಕ್ಯೂಲೈಟ್ ಸೂಚಿ ಕಟ್ಟುತ್ತಿದ್ದೇನೆ. ಇಲ್ಲಿ ಪದ ಒಡೆಯಲು ಟ್ರೈಗ್ರಾಮ್ ವಿಧಾನ ಹಿಡಿದಿದ್ದೇನೆ. 2020ರ ಡಿಸೆಂಬರ್‌ನಲ್ಲಿ ಬಂದ 3.34 ಆವೃತ್ತಿಯಿಂದ ಎಸ್‌ಕ್ಯೂಲೈಟ್‌ನಲ್ಲಿ ಅದು ಇದೆ. ಪದದ ಗಡಿಯನ್ನೇ ನೋಡದೆ ಮೂರು ಮೂರು ಸಂಕೇತಗಳ ತುಂಡು ಮಾಡುತ್ತದೆ. ವಿಭಕ್ತಿ ಪ್ರತ್ಯಯ ಅಂಟಿಕೊಂಡೇ ಬರುವ ಕನ್ನಡಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ‘ಕೆರೆ’ ಎಂದರೆ ‘ಕೆರೆಗೆ’, ‘ಕೆರೆಯಂಗಳ’, ‘ದೊಡ್ಡಕೆರೆ’ ಎಲ್ಲ ಬರುತ್ತವೆ, ಕುರಿ ಬರುವುದಿಲ್ಲ. ಮಿತಿಯೂ ಇದೆ: ಎರಡೇ ಸಂಕೇತಗಳ ‘ಎಡ’, ‘ಬಲ’ ಇದಕ್ಕೆ ಸಿಗುವುದಿಲ್ಲ. ಎಡ ತೂಬು, ಬಲ ತೂಬು ನನಗೆ ದಿನವೂ ಬೇಕಾದ ಮಾತು. ಅದಕ್ಕಾಗಿ ಮಾರ್ಕ್ ವರ್ಗ ಸೇರಿಸಿದ ಮಾಮೂಲಿ ಸೂಚಿಯನ್ನೂ ಪಕ್ಕದಲ್ಲಿಟ್ಟು, ಪದದ ಕೊನೆಗೆ ನಕ್ಷತ್ರ (*) ಹಾಕಿ ಹುಡುಕುತ್ತೇನೆ, ಹಾಗೆ ಶುರುವಾಗುವ ಪದಗಳೆಲ್ಲ ಬರುತ್ತವೆ. ‘ಊರು’ ಎಂದು ಹುಡುಕಿದರೆ ‘ಊರಿನ’, ‘ಊರಲ್ಲಿ’ ಬರುವುದಿಲ್ಲ, ಕೊನೆಯ ಉಕಾರ ಬಿದ್ದುಹೋಗಿರುತ್ತದೆ. ಅದಕ್ಕೂ ‘ಊರ’ ಎಂದು ಬರೆದು ನಕ್ಷತ್ರ ಹಾಕುವುದೇ ದಾರಿ.

ಶಾಸನಗಳಲ್ಲಿ ಕೆರೆ ‘ಕೆಱೆ’ ಆಗಿರುತ್ತದೆ, ಗದ್ದೆ ಬಯಲು ‘ಕೞನಿ’ ಆಗಿರುತ್ತದೆ. ಸೂಚಿಗೆ ಹಾಕುವ ಪ್ರತಿಯಲ್ಲಿ ಮಾತ್ರ ಹಳಗನ್ನಡದ ಅಕ್ಷರಗಳಾದ ಱ ಇದ್ದಲ್ಲಿ ರ, ೞ ಇದ್ದಲ್ಲಿ ಳ ಮಾಡುತ್ತೇನೆ. ಮೂಲ ಪಾಠವನ್ನು ಮುಟ್ಟುವುದಿಲ್ಲ. ಮೊದಲ ಸಲ ‘ಕೆರೆ’ ಎಂದು ಒತ್ತಿದಾಗ ಈಗಿನ ಏರಿಯ ಫೋಟೊ ಇರುವ ಟಿಪ್ಪಣಿಯೂ, ಕೆಱೆ ಕಟ್ಟಿಸಿದವರಿಗೆ ಭೂಮಿ ಬಿಟ್ಟ ಶಾಸನದ ಸಾಲೂ ಒಂದರ ಕೆಳಗೊಂದು ಬಂದವು. ಈ ಕೆಲಸಕ್ಕೆ ಕೈಹಾಕಿದ್ದೇ ಇದಕ್ಕಾಗಿ. ಬಹಳ ಸಂತೋಷವಾಯಿತು.

ಊರ ಹೆಸರುಗಳಲ್ಲಿ ‘ಕೆರೆ’ ಹಲವು ಕಡೆ ‘ಗೆರೆ’ ಆಗಿದೆ. ಸದ್ಯ ಅಬ್ಸಿಡಿಯನ್‌ನ ರೆಜೆಕ್ಸ್ (ಮಾದರಿ ಕೊಟ್ಟು ಹುಡುಕುವ) ಹುಡುಕಾಟದಲ್ಲಿ ಕ, ಗ ಎರಡನ್ನೂ ಚೌಕ ಆವರಣದಲ್ಲಿ ಕೊಟ್ಟು ಸಾಗಿಸುತ್ತಿದ್ದೇನೆ. ನನ್ನ ಸೂಚಿಗೂ ಅದನ್ನು ತರಬೇಕು. ನಮ್ಮ ಕಡೆ ಅರ್ಧ ಜನ ತೆಲುಗು ಬೆರೆಸಿ ಮಾತಾಡುವುದರಿಂದ ತೂಬಿಗೆ ‘ತೂಮು’, ಕೆರೆಗೆ ‘ಚೆರುವು’ ಎಂದು ಬರೆದುಕೊಂಡದ್ದೂ ಇದೆ. ಇಂಥ ಜೋಡಿ ಪದಗಳ ಪಟ್ಟಿ ಬೆಳೆಯುತ್ತಿದೆ. ಟೆಸೆರಾಕ್ಟ್ ಱ, ೞ ಬಂದ ಕಡೆ ಇನ್ನೂ ತಡವರಿಸುತ್ತದೆ, ಅಲ್ಲೆಲ್ಲ ಕೈಯಿಂದಲೇ ತಿದ್ದಬೇಕು. ಮುಳಬಾಗಿಲಿನ ಶಾಸನಗಳನ್ನು ತಿದ್ದಿ ಮುಗಿಸಿ, ಬೌರಿಂಗ್‌ಪೇಟೆ ಭಾಗಕ್ಕೆ ಹೋಗುತ್ತೇನೆ. ಒಂದು ಕಾಲಕ್ಕೆ ಕೆಜಿಎಫ್‌ಗೆ ನೀರು ಕೊಟ್ಟ ಬೇತಮಂಗಲದ ಕೆರೆ ಅಲ್ಲೇ ಬರುತ್ತದೆ. ಅದರ ಟಿಪ್ಪಣಿ ಸದ್ಯಕ್ಕೆ ಫೋಟೊಗಳಿಂದಲೇ ತುಂಬಿದೆ, ಶಾಸನದ ಕಾಲಂ ಖಾಲಿ ಇದೆ.